ಮೊಣಕಾಲೆತ್ತರದ ಗುರುತುಗಳು

ಇಪ್ಪತ್ತೆರಡು ಬೀದಿಗಳ ಜನ ಅವಳನ್ನು ಮೀಟರಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಆಸೆಪಟ್ಟು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಒಂದು ಕಡೆ ಬೆಚ್ಚಗೆ ಕೂತಿತ್ತು, ಅಷ್ಟೆ. ನೀರಿನ ಇಲಾಖೆ ಕೊಟ್ಟ ನೀಲಿ ಕೋಟು, ಹೆಗಲಿಗೆ ರೆಕ್ಸಿನ್ ಚೀಲ, ಒಂದು ಕೈಯಲ್ಲಿ ಬಿಲ್ ಯಂತ್ರ, ಇನ್ನೊಂದರಲ್ಲಿ ಮುಚ್ಚಳ ಎಬ್ಬಿಸುವ ಕಬ್ಬಿಣದ ಕೊಕ್ಕೆ. ಹನ್ನೆರಡು ವರ್ಷದಿಂದ ಇದೇ ವೇಷ. ಮನುಷ್ಯರ ಮುಖ ನೋಡಿ ಗುಣ ಹೇಳುವವರು ಇದ್ದಾರೆ, ಮೀಟರಕ್ಕ ಅವರ ನೀರು ನೋಡಿ ಹೇಳುತ್ತಿದ್ದಳು. ಯಾರ ಮನೆಗೆ ನೆಂಟರು ಬಂದು ಬೇರು ಬಿಟ್ಟಿದ್ದಾರೆ, ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಯಾರು ಗಂಡನ ಮೇಲೆ ಮುನಿದು ತವರಿಗೆ ಹೋಗಿದ್ದಾರೆ, ಎಲ್ಲವೂ ಅವಳಿಗೆ ತಿಂಗಳಿಗೊಮ್ಮೆ ತಿಳಿಯುತ್ತಿತ್ತು. ತಿಳಿದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳುವ ಚಪಲ ಇದ್ದವರು ಈ ಕೆಲಸದಲ್ಲಿ ಹನ್ನೆರಡು ವರ್ಷ ಉಳಿಯುವುದಿಲ್ಲ.

ಆ ಬಿಲ್ ಯಂತ್ರ ಮಾಡಿದವನು ಯಾವತ್ತೂ ಬೀದಿ ಸುತ್ತಿದವನಲ್ಲ. ಅದರಲ್ಲಿ ಅಂಕಿಗೆ ಜಾಗ ಇತ್ತು, ನಾಯಿಗೆ ಜಾಗ ಇರಲಿಲ್ಲ. ಹಾಗಾಗಿ ಅವಳಿಗಿಂತ ಮೊದಲು ಇದ್ದ ಮುದುಕ ನಿವೃತ್ತನಾಗುವಾಗ ಕೈಗೊಂದು ಸೀಮೆಸುಣ್ಣ ಕೊಟ್ಟು ಗುರುತುಗಳನ್ನು ಕಲಿಸಿ ಹೋಗಿದ್ದ. ಸೊನ್ನೆ ಅಂದರೆ ಕಚ್ಚುವ ನಾಯಿ ಇದೆ. ತ್ರಿಕೋನ ಅಂದರೆ ಹತ್ತು ಗಂಟೆಯ ಮೇಲೆ ಬಾ, ಮೊದಲು ಬಂದರೆ ಬೈಸಿಕೊಳ್ಳುತ್ತೀಯ. ಬಾಣ ಅಂದರೆ ಮೀಟರು ಎದುರಿಗಿಲ್ಲ, ಬಾಣದ ಕಡೆ ಹುಡುಕು. ಕತ್ತರಿ ಗುರುತು ಅಂದರೆ ಮುಚ್ಚಳ ಕೆಟ್ಟಿದೆ, ಬೆರಳು ಜೋಪಾನ. ಕುಕ್ಕರಗಾಲಲ್ಲಿ ಕೂತು ಮೀಟರು ಓದುವವರು ಕೂತಲ್ಲಿಂದಲೇ ಬರೆಯುತ್ತಾರಾದ್ದರಿಂದ ಗುರುತುಗಳೆಲ್ಲ ಗೋಡೆಯಲ್ಲಿ ಮೊಣಕಾಲೆತ್ತರಕ್ಕಿರುತ್ತಿದ್ದವು. ನಿಂತು ಓಡಾಡುವ ಜನರ ಕಣ್ಣಿಗೆ ಅವು ಬಿದ್ದೇ ಇರಲಿಲ್ಲ. ಅವಳು ರಜೆ ಹಾಕಿದ ದಿನ ಬದಲಿಗೆ ಮೀಟರು ಓದಲು ಬರುವವನಿಗೂ ಅವೇ ದಾರಿ ತೋರಿಸುತ್ತಿದ್ದವು.

ಒಂದು ಗುರುತು ಮಾತ್ರ ಮುದುಕ ಕಲಿಸಿದ್ದಲ್ಲ, ಅವಳೇ ಹುಟ್ಟಿಸಿದ್ದು. ಪಕ್ಕಪಕ್ಕದಲ್ಲಿ ಎರಡು ಗೆರೆ. ಇಪ್ಪತ್ತೆರಡು ಬೀದಿಗಳಲ್ಲಿ ಅದು ಇದ್ದದ್ದು ಒಂದೇ ಮನೆಯ ಗೋಡೆಯ ಮೇಲೆ, ಅವಳ ಸ್ವಂತ ಅಣ್ಣನ ಮನೆ.

ಅಣ್ಣನದು ಬಣ್ಣ, ಪೈಪು ಮಾರುವ ಅಂಗಡಿ. ನಾಲ್ಕು ವರ್ಷದ ಹಿಂದೆ ಮಹಡಿ ಕಟ್ಟಿಸಿದಾಗ ಹೊಸ ಕೊಳವೆಯನ್ನು ಮೀಟರು ತಪ್ಪಿಸಿ ನೇರ ಬೀದಿಯ ಕೊಳವೆಗೇ ಜೋಡಿಸಿಕೊಂಡಿದ್ದ. ಅಂದಿನಿಂದ ಆ ಮನೆಯಲ್ಲಿ ತೊಟ್ಟಿ ತುಂಬಿ ಹರಿದರೂ ಮೀಟರಿನ ಮುಳ್ಳು ನಿದ್ದೆಯಿಂದ ಏಳುತ್ತಿರಲಿಲ್ಲ. ಅವಳು ಮೊದಲ ತಿಂಗಳೇ ಕಂಡುಹಿಡಿದು ಕೇಳಿದ್ದಳು. "ನೋಡೋಣ ಬಿಡು, ಸರಿ ಮಾಡಿಸ್ತೀನಿ" ಅಂದಿದ್ದ. ಹನ್ನೆರಡು ವರ್ಷದ ಹಿಂದೆ ಲಾರಿ ಓಡಿಸುವ ಅವಳ ಗಂಡ ಕಾಲು ಮುರಿದುಕೊಂಡು ಮಲಗಿದ್ದಾಗ ಗುತ್ತಿಗೆದಾರನ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದವನು ಅಣ್ಣ. ಎರಡನೇ ಸಲ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಪ್ರತಿ ತಿಂಗಳೂ ಒಂದು ಅಂಕಿಯನ್ನು ಅಂದಾಜಿನಲ್ಲಿ ಹೊಡೆದು, ಬದಲಿಗೆ ಬರುವವನು ಆ ಪೆಟ್ಟಿಗೆ ಮುಟ್ಟದಿರಲಿ, ಅದನ್ನು ನಾನೇ ನೋಡಿಕೊಳ್ಳುತ್ತೇನೆ ಎಂಬ ಅರ್ಥದಲ್ಲಿ ಎರಡು ಗೆರೆ ಎಳೆದಳು. ಅದು ತಪ್ಪು ಅಂತ ಅವಳಿಗೆ ಗೊತ್ತಿತ್ತು. ಆ ಗೋಡೆಯ ಮುಂದೆ ಕೂತಾಗೆಲ್ಲ ಬೆನ್ನ ಹಿಂದೆ ಯಾರೋ ನಿಂತಂತೆ ಆಗುತ್ತಿತ್ತು.

ಹೀಗಿರುವಾಗ ರೈಲು ನಿಲ್ದಾಣದಲ್ಲಿ ಬಾಂಬು ಸಿಡಿಯಿತು. ಹನ್ನೊಂದು ಜನ ಸತ್ತರು. ಸತ್ತವರಲ್ಲಿ ಒಬ್ಬರು ಆರನೇ ಬೀದಿಯ ಟೀಚರು. ಅವರ ಮನೆಗೆ ತ್ರಿಕೋನದ ಗುರುತು, ಬೆಳಿಗ್ಗೆ ಹೊತ್ತು ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ಮುಂದಿನ ಸಲ ಆ ಮನೆಯ ಬಳಕೆ ಅರ್ಧಕ್ಕರ್ಧ ಇಳಿದದ್ದನ್ನು ಕಂಡು ಮೀಟರಕ್ಕ ಮೀಟರನ್ನು ಮತ್ತೊಮ್ಮೆ ಓದಿದಳು. ಬೀದಿಯ ಹೆದರಿಕೆ ಸುಳ್ಳು ಹೆದರಿಕೆಯಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಯಾರೋ ಮರೆತು ಬಿಟ್ಟ ಊಟದ ಡಬ್ಬಿ ಕಂಡರೂ ಜನ ಮಾರು ದೂರ ಸರಿದು ನಿಲ್ಲುತ್ತಿದ್ದರು.

ಠಾಣೆಯಲ್ಲಿ ಇದ್ದದ್ದೇ ಒಂಬತ್ತು ಜನ. ಅವರಲ್ಲಿ ಐವರನ್ನು ರೈಲು ನಿಲ್ದಾಣದ ಕಾವಲಿಗೆ ಎಳೆದುಕೊಂಡು ಹೋದರು. ಇಪ್ಪತ್ತು ವರ್ಷದಿಂದ ಈ ಬೀದಿಗಳ ಬೀಟ್ ತಿರುಗಿದ್ದ ಮುಖ್ಯಪೇದೆಯೂ ಅವರ ಜೊತೆ ಹೋದ. ಉಳಿದ ನಾಲ್ವರನ್ನು ಇಟ್ಟುಕೊಂಡು ಇನ್ಸ್‌ಪೆಕ್ಟರು ಶಾಲೆಯ ಸಭಾಂಗಣದಲ್ಲಿ ಜನರನ್ನು ಸೇರಿಸಿದರು. "ದೇಶದ ಭದ್ರತೆ ಅಂದ್ರೆ ಗಡೀಲಿ ನಿಂತಿರೋ ಸೈನಿಕನ ಕೆಲಸ ಮಾತ್ರ ಅಲ್ಲ. ನಿಮ್ಮ ಬೀದಿ ಬಾಗಿಲಿಂದಲೇ ಅದು ಶುರು" ಎಂದು ಭಾಷಣ ಮಾಡಿ ಅರವತ್ತು ಸೀಟಿ, ಅರವತ್ತು ಹಸಿರು ತೋಳುಪಟ್ಟಿ ಹಂಚಿದರು. ಬೀದಿ ಕಾವಲು ಸಮಿತಿ ಹುಟ್ಟಿತು. ಅದಕ್ಕೆ ಅಣ್ಣನೇ ಅಧ್ಯಕ್ಷ. ಒಂದು ಉದ್ದ ಸೀಟಿ, ಎರಡು ಗಿಡ್ಡ ಸೀಟಿ ಕೇಳಿದರೆ ಎಲ್ಲರೂ ಕೈಗೆ ಸಿಕ್ಕಿದ್ದು ಹಿಡಿದು ಓಡಿ ಬರಬೇಕು ಅಂತ ತೀರ್ಮಾನವಾಯಿತು.

ಮೀಟರಕ್ಕನಿಗೆ ಮೊದಮೊದಲು ಸಮಾಧಾನವೇ ಆಗಿತ್ತು. ನಂಬದೆ ಇದ್ದವಳು ಮನೆಯಲ್ಲಿದ್ದ ಅತ್ತೆ ಒಬ್ಬಳೇ. ಅವಳಿಗೆ ಸೊಂಟ ಹಿಡಿದು ಆರು ತಿಂಗಳಾಗಿತ್ತು, ಬಾಯಿ ಮಾತ್ರ ಹಿಡಿದಿರಲಿಲ್ಲ. "ಇವರು ಪೀ ಪೀ ಅಂತ ಊದಿದ್ರೆ ಬಾಂಬು ಹೆದರ್ಕೊಂಡು ಓಡಿ ಹೋಗುತ್ತಾ?" ಎಂದು ಕೇಳಿದಳು. "ಸುಮ್ನಿರಿ ಅತ್ತೆ, ಯಾರಾದ್ರೂ ಕೇಳಿಸ್ಕೊಂಡಾರು" ಎಂದಳು ಸೊಸೆ. ಬೀದಿಯ ಬಗ್ಗೆ ಸ್ವಂತ ಮನೆಯಲ್ಲಿ ದನಿ ತಗ್ಗಿಸಿ ಮಾತಾಡಿದ್ದು ಅದೇ ಮೊದಲು ಎಂದು ಅವಳಿಗೆ ಆಮೇಲೆ ಹೊಳೆಯಿತು.

ಅತ್ತೆಯ ಸೊಂಟಕ್ಕೆ ಹಳೆಯ ಹಾಸಿಗೆ ಒಗ್ಗುತ್ತಿರಲಿಲ್ಲ. ಊರಿನ ಆಚೆ ತುದಿಯಿಂದ ವರ್ಷಕ್ಕೆರಡು ಸಲ ಬರುವ ಹಾಸಿಗೆ ಹೊಲಿಯುವವನಿಗೆ ಮೀಟರಕ್ಕ ಹೇಳಿ ಕಳಿಸಿದ್ದಳು. ಐವತ್ತರ ಆಸುಪಾಸಿನ ಮೆತ್ತಗಿನ ಮನುಷ್ಯ. ಬುಧವಾರ ಬಂದು, ಬಾಗಿಲ ಮುಂದೆ ಬಟ್ಟೆ ಹರವಿ, ಸೀಮೆಸುಣ್ಣದಲ್ಲಿ ಉದ್ದ ಅಡ್ಡ ಗೆರೆ ಎಳೆದು, ಗೇಣುದ್ದದ ದಬ್ಬಣದಿಂದ ಎರಡು ಬದಿ ಹೊಲಿದು ಮುಗಿಸಿದ. "ಇನ್ನೆರಡು ಬದಿ ನಾಳೆ ಅಕ್ಕ. ಕೈ ಸೋತಾಗ ಹೊಲಿದ್ರೆ ಅಮ್ಮನ ಬೆನ್ನಿಗೆ ಗಂಟು ಒತ್ತುತ್ತೆ" ಎಂದು ಹೋದ.

ಅವನು ಹೋದ ಅರ್ಧ ಗಂಟೆಗೆ ಅಣ್ಣ ಫೋನು ಮಾಡಿ ಅಂಗಡಿಗೆ ಕರೆದ.

ಅಂಗಡಿಯಲ್ಲಿ ತೋಳುಪಟ್ಟಿಯವರು ಐದಾರು ಜನ ಬಣ್ಣದ ಡಬ್ಬಗಳ ಮೇಲೆ ಕೂತಿದ್ದರು. ಯಾರೂ ನಗುತ್ತಿರಲಿಲ್ಲ. ಅಣ್ಣ ಫೋನು ಮುಂದೆ ಹಿಡಿದ. "ನೋಡು. ಬೀದಿ ಬೀದಿ ಸುತ್ತೋಳು ನೀನು. ಇವನ್ನ ಎಲ್ಲಾದ್ರೂ ನೋಡಿದೀಯಾ?"

ಒಂದು ಗೋಡೆ, ಅದರ ಮೇಲೆ ಸೊನ್ನೆ. ಇನ್ನೊಂದು ಗೋಡೆ, ತ್ರಿಕೋನ. ಬಾಣ. ಕತ್ತರಿ. ಅವಳ ಕೈಬರಹವೇ, ಬಾಣದ ತುದಿ ಸ್ವಲ್ಪ ಸೊಟ್ಟಗಾಗುವುದು ಕೂಡ ಹಾಗೇ ಇತ್ತು.

"ಐವತ್ತೇಳು ಮನೆಗೆ ಹಾಕಿದಾರೆ" ಎಂದ ಔಷಧಿ ಅಂಗಡಿಯವನು. "ಸೊನ್ನೆ ಅಂದ್ರೆ ಗಂಡಸರಿಲ್ಲದ ಮನೆ. ಬಾಣ ಅಂದ್ರೆ ಬಾಂಬು ಇಡೋ ದಿಕ್ಕು. ನಮ್ಮ ಫೋನಿನ ಗುಂಪಲ್ಲಿ ಒಬ್ಬರು ಎಲ್ಲಾ ಬಿಡಿಸಿ ಹಾಕಿದಾರೆ."

"ಟೀಚರ್ ಮನೆ ಗೋಡೆ ಮೇಲೆ ತ್ರಿಕೋನ ಇದೆ" ಎಂದ ಮತ್ತೊಬ್ಬ, ದನಿ ಇಳಿಸಿ. "ಅವರು ಸಾಯೋ ಮೊದಲೇ ಹಾಕಿದ್ದಂತೆ."

ಅಣ್ಣ ಕೊನೆಯ ಚಿತ್ರ ತೋರಿಸಿದ. "ಇದು ನಮ್ಮನೇದು. ಎರಡು ಗೆರೆ. ಬೇರೆ ಯಾರ ಮನೆಗೂ ಇದನ್ನ ಹಾಕಿಲ್ಲ. ಇಬ್ಬರನ್ನ ಮುಗಿಸೋದು ಅಂತ ಅರ್ಥವಂತೆ. ನಿಮ್ಮತ್ತಿಗೆ ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ." ಅಧ್ಯಕ್ಷನ ದನಿ ಅದಾಗಿರಲಿಲ್ಲ. ಚಿಕ್ಕಂದಿನಲ್ಲಿ ಹುಚ್ಚುನಾಯಿ ಅಟ್ಟಿಸಿಕೊಂಡು ಬಂದಾಗ ಅವಳ ಕೈ ಹಿಡಿದು ಓಡಿದವನ ದನಿ.

ಅಯ್ಯೋ, ಅದು ನನ್ನ ಸೀಮೆಸುಣ್ಣ ಕಣಣ್ಣ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಮುಂದಿನ ಪ್ರಶ್ನೆ ಅವಳಿಗೆ ಆಗಲೇ ಕೇಳಿಸಿತು: ಹಾಗಾದರೆ ಎರಡು ಗೆರೆ ಅಂದರೇನು? ಐದಾರು ಜನರ ಎದುರಿಗೆ ಅಣ್ಣನ ಮಾನ ಹೋಗುತ್ತದೆ. ನಾಲ್ಕು ವರ್ಷ ಸುಳ್ಳು ಅಂಕಿ ಬರೆದದ್ದಕ್ಕೆ ಅವಳ ಕೆಲಸ ಹೋಗುತ್ತದೆ.

"ನೋಡಿಲ್ಲ" ಎಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಕಣ್ಣು ಗೋಡೆಗಳ ಬುಡವನ್ನೇ ನೋಡುತ್ತಿತ್ತು. ಗುರುತುಗಳೇ ಇಲ್ಲದಿದ್ದರೆ ಮಾತೂ ಇರುವುದಿಲ್ಲ, ನಾಲ್ಕು ದಿನ ಗುಲ್ಲೆದ್ದು ತಣ್ಣಗಾಗುತ್ತದೆ ಎಂದು ಅವಳ ತಲೆಗೆ ಹೊಳೆಯಿತು. ಹೆದರಿದವರ ತಲೆಗೆ ಹೊಳೆಯುವುದೆಲ್ಲ ಹೀಗೇ, ಆ ಕ್ಷಣಕ್ಕೆ ಬಂಗಾರದಂತೆ ಕಾಣುತ್ತದೆ. ಗುರುವಾರ ಬೆಳಿಗ್ಗೆ ಬೇಗನೆ ಚೀಲದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡು ಹೊರಟಳು. ಮೀಟರು ಓದುವಂತೆ ಕುಕ್ಕರಗಾಲಲ್ಲಿ ಕೂರುವುದು, ಅತ್ತಿತ್ತ ನೋಡುವುದು, ಗೋಡೆ ಒರೆಸುವುದು, ಏಳುವುದು. ಒಂಬತ್ತೂವರೆ ಹೊತ್ತಿಗೆ ಮೂವತ್ತೊಂದು ಮನೆ ಮುಗಿದಿತ್ತು. ಅಣ್ಣನ ಮನೆಯ ಎರಡು ಗೆರೆ ಎಲ್ಲಕ್ಕಿಂತ ಮೊದಲು ಹೋಗಿತ್ತು. ಸ್ವಲ್ಪ ಉಸಿರಾಡುವಂತಾಯಿತು.

ಅಷ್ಟರಲ್ಲಿ ಚೀಲದಲ್ಲಿದ್ದ ಫೋನು ಮೇಲಿಂದ ಮೇಲೆ ಗುಂಯ್‌ಗುಟ್ಟತೊಡಗಿತು. ಹಿಂದಿನ ರಾತ್ರಿ ಅಣ್ಣ ಅವಳನ್ನೂ ಸೇರಿಸಿದ್ದ ಸಮಿತಿಯ ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. ಗುರುತು ಅಳಿಸಿದ್ದಾರೆ! ನಾವು ಕಂಡುಹಿಡಿದದ್ದು ಅವರಿಗೆ ಗೊತ್ತಾಗಿದೆ! ನಮ್ಮೊಳಗಿನವರೇ ಯಾರೋ ಸುದ್ದಿ ಮುಟ್ಟಿಸಿದ್ದಾರೆ! ಅಧ್ಯಕ್ಷರ ಮನೆಯದನ್ನೇ ಮೊದಲು ಅಳಿಸಿದ್ದಾರೆ, ಅಂದರೆ ಇವತ್ತೇ ಏನೋ ನಡೆಯುತ್ತದೆ! ಹತ್ತನೇ ಬೀದಿಯ ನಿವೃತ್ತ ಗುಮಾಸ್ತರು ಮಹಡಿಯಿಂದ ಯಾರೋ ಗೋಡೆ ಹತ್ತಿರ ಬಗ್ಗಿದ್ದನ್ನು ಕಂಡಿದ್ದರಂತೆ. ಮುಖ ಕಾಣಲಿಲ್ಲವಂತೆ. ಹನ್ನೆರಡು ವರ್ಷ ಅದೇ ಗೋಡೆ ಹತ್ತಿರ ಬಗ್ಗಿದವಳನ್ನು ಅವರು ಯಾವತ್ತೂ ಯಾರೋ ಎಂದು ಕಂಡಿರಲಿಲ್ಲ. ಆ ದಿನ ಎಲ್ಲರ ಕಣ್ಣೂ ಯಾರೋ ಒಬ್ಬನನ್ನೇ ಹುಡುಕುತ್ತಿದ್ದವು.

ಓದಿ ಮುಗಿಸುವುದರೊಳಗೆ ಸೀಟಿ ಕೇಳಿತು. ಒಂದು ಉದ್ದ. ಎರಡು ಗಿಡ್ಡ.

ಹಾಸಿಗೆಯವನನ್ನು ಅವಳು ಮರೆತೇಬಿಟ್ಟಿದ್ದಳು. ಇವತ್ತು ಬರಬೇಡಪ್ಪ ಎಂದು ಒಂದು ಫೋನು ಮಾಡಿದ್ದರೆ ಸಾಕಿತ್ತು.

ಟ್ರಾನ್ಸ್‌ಫಾರ್ಮರಿನ ಬೇಲಿಗೆ ಅವನನ್ನು ಒತ್ತಿ ಹಿಡಿದಿದ್ದರು. ಚಪ್ಪಲಿಯ ಪಟ್ಟಿ ಕಿತ್ತುಬಂದಿದೆ ಎಂದು ಗೋಡೆ ಹತ್ತಿರ ಬಗ್ಗಿದ್ದನಂತೆ. ಜೇಬಲ್ಲಿ ಮೂರು ತುಂಡು ಸೀಮೆಸುಣ್ಣ, ಚೀಲದಲ್ಲಿ ದಬ್ಬಣ. ಮೂವತ್ತು ನಲವತ್ತು ಜನ ಸೇರಿದ್ದರು. ಕೈಯಲ್ಲಿ ದೊಣ್ಣೆ, ಕಬ್ಬಿಣದ ಸರಳು. ಒಬ್ಬನ ಕೈಯಲ್ಲಿ ಮಗುವಿನ ಕ್ರಿಕೆಟ್ ಬ್ಯಾಟು ಇತ್ತು. ಎಲ್ಲರೂ ಗೊತ್ತಿರುವವರೇ, ಆದರೆ ಒಬ್ಬರ ಮುಖವೂ ಗುರುತು ಸಿಗುತ್ತಿರಲಿಲ್ಲ. ಅವಳು ತಿರುವಿನಲ್ಲೇ ನಿಂತುಬಿಟ್ಟಳು.

ಅವನು ಅವಳನ್ನು ಕಂಡ. "ಅಕ್ಕಾ! ನೀವಾದ್ರೂ ಹೇಳಿ ಅಕ್ಕಾ! ನಾನು ನಿಮ್ಮನೆ ಹಾಸಿಗೆ..."

ಎಲ್ಲ ತಲೆಗಳೂ ಅವಳ ಕಡೆ ತಿರುಗಿದವು. ಅಣ್ಣ ಮುಂದೆ ಬಂದ. "ಇವನು ಗೊತ್ತಾ ನಿನಗೆ?"

"ಹಾಸಿಗೆ ಹೊಲಿಯೋನು ಅಣ್ಣ. ನಾನೇ ಬರೋಕೆ ಹೇಳಿದ್ದೆ."

"ಸೀಮೆಸುಣ್ಣ ಯಾಕೆ?"

"ಬಟ್ಟೆ ಮೇಲೆ ಗೆರೆ ಹಾಕೋಕೆ."

"ಗೋಡೆ ಮೇಲೂ ಹಾಕೋಕೆ!" ಎಂದು ಯಾರೋ ಕೂಗಿದರು. "ಹೊಲಿಯೋ ನೆಪದಲ್ಲಿ ಮನೆ ಮನೆ ಹೊಕ್ಕು ನೋಡ್ಕೊಂಡು ಹೋಗ್ತಾನೆ. ಅಕ್ಕನಿಗೇನು ಗೊತ್ತು ಪಾಪ!"

ಈಗ ಹೇಳಬೇಕಿತ್ತು. ಗೋಡೆ ಮೇಲೆ ಹಾಕಿದವಳು ನಾನು ಎಂಬ ಮೂರು ನಾಲ್ಕು ಮಾತು, ಅಷ್ಟೇ. ಅಣ್ಣ ಅವಳ ಕಣ್ಣನ್ನೇ ನೋಡುತ್ತಿದ್ದ. ಆ ಕಬ್ಬಿಣದ ಸರಳುಗಳೆಲ್ಲ ಒಂದೇ ಸಲ ತನ್ನ ಕಡೆ ತಿರುಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಚೀಲವನ್ನು ಎದೆಗೆ ಅವಚಿಕೊಂಡು ನಿಂತಳು.

"ಯಾವ ಕೈಲಿ ಬರೆದೆ?" ಎಂದು ಒಬ್ಬ ಅವನನ್ನು ಕೇಳಿದ. ಅವನ ಬಲಗೈಯನ್ನು ಎಳೆದು ಬೇಲಿಯ ಕೆಳಗಿನ ಕಟ್ಟೆಯ ಮೇಲೆ ಇಟ್ಟರು. ಸರಳು ಮೇಲೆ ಹೋಯಿತು. ಅದು ಕೆಳಗೆ ಬಿದ್ದ ಸದ್ದು ಕೇಳಿದ ಮೇಲೆ ಅವಳ ಕಾಲಿಗೆ ಜೀವ ಬಂತು. ತಿರುಗಿ ಓಡಿದಳು. ಬೆನ್ನ ಹಿಂದೆ ಅವನು ಅಕ್ಕಾ ಎಂದು ಇನ್ನೊಮ್ಮೆ ಕೂಗಿದ.

ಠಾಣೆ ನಾಲ್ಕು ಬೀದಿ ಆಚೆ. ಹದಿನೆಂಟು ದಿನದ ರೈಲು ನಿಲ್ದಾಣದ ಕಾವಲು ಮುಗಿಸಿ ಮುಖ್ಯಪೇದೆ ಆಗಷ್ಟೇ ಬಂದಿದ್ದ. ಒಂದು ಬೂಟು ಬಿಚ್ಚಿ, ಊದಿದ ಪಾದ ನೀವಿಕೊಳ್ಳುತ್ತ ಚಹಾ ಕುಡಿಯುತ್ತಿದ್ದ. ಅವಳು ಏದುಸಿರಲ್ಲಿ ಅರ್ಧಂಬರ್ಧ ಹೇಳಿ, ಗುಂಪಿನಲ್ಲಿದ್ದ ಗೋಡೆಗಳ ಚಿತ್ರ ತೆರೆದು ಫೋನು ಹಿಡಿದಳು. ಅವನು ಕನ್ನಡಕ ಏರಿಸಿ ನೋಡಿದ.

"ಇದು ನಿನ್ನ ಸೀಮೆಸುಣ್ಣ ಅಲ್ವೇನಮ್ಮಾ?"

"ನಿಮಗೆ ಗೊತ್ತಿತ್ತಾ ಸಾರ್?"

"ಇಪ್ಪತ್ತು ವರ್ಷ ಬೀಟ್ ತಿರುಗಿದೋನಿಗೆ ಗೋಡೆ ಗೊತ್ತಿರಲ್ವಾ? ಸೊನ್ನೆ ಇರೋ ಮನೆ ಗೇಟನ್ನ ನಾನೂ ತಟ್ಟಲ್ಲ. ಒಂದ್ಸಲ ಪ್ಯಾಂಟ್ ಹರಿಸಿಕೊಂಡಿದೀನಿ."

"ಮತ್ತೆ ಯಾರಿಗೂ ಹೇಳಲಿಲ್ಲ ಯಾಕೆ?"

"ಯಾರು ಕೇಳಿದ್ರು? ನನ್ನ ಅಲ್ಲಿ ಪ್ಲಾಟ್‌ಫಾರ್ಮಲ್ಲಿ ನಿಲ್ಲಿಸಿದ್ರು. ಬಂದು ಹೋಗೋರ ಮುಖ ಒಂದೂ ನನಗೆ ಗೊತ್ತಿಲ್ಲ. ಗೊತ್ತಿರೋ ಬೀದೀನ ಸೀಟಿ ಕೈಗೆ ಕೊಟ್ರು." ಬೂಟಿಗೆ ಕಾಲು ತೂರಿಸಿದ. ಲೇಸು ಕಟ್ಟಲು ಎರಡು ಸಲ ನೋಡಿದ, ಊದಿದ ಪಾದಕ್ಕೆ ಎಟಕಲಿಲ್ಲ, ಹಾಗೇ ಬಿಟ್ಟು ಎದ್ದ. ಜೀಪಿಗೆ ಫೋನು ಮಾಡಿದ, ಬರಲು ಅರ್ಧ ಗಂಟೆ ಬೇಕು ಎಂದರು. ಅವನು ಬೈಕಿನ ಕೀಲಿ ತೆಗೆದುಕೊಂಡ.

"ನೋಡಮ್ಮ, ನಾನೊಬ್ಬ. ಅವರು ಎಷ್ಟು ಜನ ಅಂತ ನೀನೇ ಹೇಳಿದೆ. ನಾನು ಲಾಠಿ ಎತ್ತಿದ್ರೆ ನನ್ನೂ ಸೇರಿಸಿ ಬಡೀತಾರೆ. ನನ್ನ ಮಾತು ಕೇಳೋ ಸ್ಥಿತೀಲಿ ಅವರಿಲ್ಲ. ನೀನೇ ಹೇಳಬೇಕು, ಪೂರ್ತಿ ಹೇಳಬೇಕು." ಬೈಕು ಹತ್ತಿ ಕೂತ ಮೇಲೆ, ತಿರುಗದೆಯೇ ಕೇಳಿದ: "ಎರಡು ಗೆರೆ ಏನು ಅಂತ ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದು ನಿಮ್ಮಣ್ಣನ ಮನೆ ಅಲ್ವಾ?"

ಅವಳು ಹಿಂದಿನ ಸೀಟಿಗೆ ಹತ್ತಿ, ಹೊರಡಿ ಸಾರ್ ಎಂದಳು. ಅವನು ಬೈಕು ಓಡಿಸಿದ.

ಅವರು ತಲುಪುವಾಗ ಜನ ನೂರು ದಾಟಿದ್ದರು. ಹಾಸಿಗೆಯವನು ನೆಲಕ್ಕೆ ಬಿದ್ದು ಮುದುರಿಕೊಂಡಿದ್ದ. ಅವನ ತಲೆಯಿಂದ ರಕ್ತ ಬರುತ್ತಿತ್ತು, ಬಲಗೈಯನ್ನು ಹೊಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದ. ಯಾರೋ ಪೆಟ್ರೋಲು ತರಲು ಹೋಗಿದ್ದಾರೆ ಎಂಬ ಮಾತು ಅವಳ ಕಿವಿಗೆ ಬಿತ್ತು. ಮುಖ್ಯಪೇದೆ ಜನರನ್ನು ಭುಜದಿಂದ ಸರಿಸಿಕೊಂಡು ಹೋಗಿ, ಬಿದ್ದವನ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತುಬಿಟ್ಟ.

"ಇವನು ಈಗ ನನ್ನ ವಶದಲ್ಲಿದಾನೆ!"

"ಸೀಟಿ ಕೊಟ್ಟಿದ್ದು ನಿಮ್ಮ ಇನ್ಸ್‌ಪೆಕ್ಟರೇ!"

"ಸೀಟಿ ಕೊಟ್ಟಿದ್ದು ಊದೋಕೆ ಕಣಯ್ಯಾ, ಹೊಡೆಯೋಕಲ್ಲ!" ಗದರಿದರೂ ಅವನ ದನಿ ಒಡೆದಿತ್ತು. ಸುತ್ತಲಿನ ವರ್ತುಲ ಒಂದು ಹೆಜ್ಜೆ ಹಿಂದೆ ಸರಿಯಿತು, ಮತ್ತೆ ಎರಡು ಹೆಜ್ಜೆ ಮುಂದೆ ಬಂತು. ಅವನು ಅವಳ ಕಡೆ ನೋಡಿದ.

ಮೀಟರಕ್ಕ ಚೀಲಕ್ಕೆ ಕೈ ಹಾಕಿ ಸೀಮೆಸುಣ್ಣ ತೆಗೆದಳು. ಹತ್ತಿರದ ಗೋಡೆಯ ಮುಂದೆ, ತಿಂಗಳು ತಿಂಗಳೂ ಕೂರುವ ಹಾಗೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲೆತ್ತರಕ್ಕೆ ಒಂದು ಸೊನ್ನೆ ಬರೆದಳು. ಪಕ್ಕದಲ್ಲಿ ಒಂದು ತ್ರಿಕೋನ. ಪಕ್ಕದಲ್ಲಿ ಒಂದು ಬಾಣ, ತುದಿ ಸೊಟ್ಟ. ಹತ್ತಿರದಲ್ಲಿದ್ದವರು ಮೊದಲು ಸುಮ್ಮನಾದರು. ಸುಮ್ಮನಾದದ್ದು ಹಿಂದಕ್ಕೆ ಹಬ್ಬಿತು.

"ಎಲ್ಲಾ ನಾನೇ ಬರೆದಿದ್ದು" ಎಂದಳು ಕೂತಲ್ಲಿಂದಲೇ. "ಹನ್ನೆರಡು ವರ್ಷದಿಂದ ಬರೀತಿದೀನಿ. ಬೆಳಿಗ್ಗೆ ಅಳಿಸಿದ್ದೂ ನಾನೇ. ಹೆದರ್ಕೊಂಡು ಅಳಿಸಿದೆ. ಸೊನ್ನೆ ಅಂದ್ರೆ ನಾಯಿ. ಬರೀ ನಾಯಿ."

"ಸುಳ್ಳು! ಮನೆಗೆ ಬರೋನು ಅಂತ ಕಾಪಾಡ್ತಿದಾಳೆ!"

ಔಷಧಿ ಅಂಗಡಿಯವನು ಮುಂದೆ ಬಂದ. ಕೈಯ ಸರಳಿನ ತುದಿ ಕೆಂಪಗಿತ್ತು. "ಹಾಗಾದ್ರೆ ನಮ್ಮನೆ ಗುರುತು ಏನು ಹೇಳು."

"ಬಾಣ. ಎಡಕ್ಕೆ. ನಿಮ್ಮ ಮೀಟರು ಗುಲಾಬಿ ಕುಂಡದ ಹಿಂದಿದೆ. ಪ್ರತಿ ಸಲ ಮುಳ್ಳು ಚುಚ್ಚಿಸ್ಕೋತೀನಿ."

"ನಮ್ಮದು?" ಎಂದ ಇನ್ನೊಬ್ಬ.

"ಕತ್ತರಿ. ನಿಮ್ಮ ಮುಚ್ಚಳ ನನ್ನ ಉಗುರು ತಿಂದಿದೆ." ಹೆಬ್ಬೆರಳು ಎತ್ತಿ ತೋರಿಸಿದಳು.

"ಟೀಚರ್ ಮನೇದು?"

"ಹತ್ತು ಗಂಟೆ ಮೇಲೆ ಬಾ ಅಂತ. ಅವರಿಗೆ ಬೆಳಿಗ್ಗೆ ಮಕ್ಕಳನ್ನ ಹೊರಡಿಸೋ ಗಡಿಬಿಡಿ." ಇಷ್ಟು ಹೇಳುವಾಗ ಅವಳಿಗೆ ಅಳು ಬಂತು. ಗುಂಪಿನಲ್ಲಿ ಒಬ್ಬ ದೊಣ್ಣೆ ಇಳಿಸಿದ. ಉಳಿದವರು ಇಳಿಸಲಿಲ್ಲ.

ಆಗ ಅಣ್ಣ ಮುಂದೆ ಬಂದ. ಅವನ ಕಣ್ಣು ಕೆಂಪಾಗಿತ್ತು, ನಿದ್ದೆ ಕೆಟ್ಟು ಎರಡು ದಿನವಾಗಿತ್ತು. "ನಮ್ಮನೇದು ಏನು? ಎರಡು ಗೆರೆ?" ಅವನು ನಿಜವಾಗಿ ಕೇಳುತ್ತಿದ್ದ. ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಪೈಪು ಜೋಡಿಸಿದ್ದನ್ನು ಅವನು ಎಂದೋ ಮರೆತಿದ್ದ, ನೆನಪಿಟ್ಟುಕೊಳ್ಳುವ ಕಷ್ಟವನ್ನೆಲ್ಲ ತಂಗಿಗೆ ಬಿಟ್ಟಿದ್ದ.

ಬೇರೆ ಏನಾದರೂ ಹೇಳಬಹುದಿತ್ತು. ಮೀಟರಿನ ಗಾಜು ಮಂಜಾಗಿದೆ ಅಂತಲೋ, ಒಳಗೆ ಜೇಡ ಇದೆ ಅಂತಲೋ. ಆದರೆ ಆ ಪೆಟ್ಟಿಗೆ ಇಲ್ಲಿಂದ ಐವತ್ತು ಹೆಜ್ಜೆ, ನೂರು ಜನ ಹೋಗಿ ಮುಚ್ಚಳ ಎತ್ತಿ ನೋಡುತ್ತಾರೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಎಲ್ಲವೂ ಸುಳ್ಳಾಗುತ್ತದೆ, ಮುಖ್ಯಪೇದೆಯ ಕಾಲ ಕೆಳಗೆ ಮುದುರಿರುವವನು ಮತ್ತೆ ಏಳುವುದಿಲ್ಲ. ಅವಳು ಅಣ್ಣನ ಮುಖ ನೋಡದೆ ಹೇಳಿದಳು.

"ಈ ಮನೇಲಿ ನೀರು ಓಡುತ್ತೆ, ಮೀಟರು ಓಡಲ್ಲ ಅಂತ. ನಾಲ್ಕು ವರ್ಷದಿಂದ."

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಅಧ್ಯಕ್ಷರೇ, ದೇಶ ಆಮೇಲೆ ಕಾಯುವಿರಂತೆ, ಮೊದ್ಲು ನಲ್ಲಿ ಕಾಯ್ರಿ!" ಎಂದಿತು ಒಂದು ದನಿ. ನಗು ಎದ್ದಿತು, ಹಬ್ಬಿತು, ಕ್ರಿಕೆಟ್ ಬ್ಯಾಟಿನವನು ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಟ್ಟೆ ಹಿಡಿದು ನಕ್ಕ. ದೊಣ್ಣೆಗಳು ಒಂದೊಂದಾಗಿ ಇಳಿದವು. ಪೆಟ್ರೋಲು ತರಹೋದವನು ಬಾಟಲಿ ಹಿಡಿದು ಬಂದು, ಏನಾಯಿತು ಏನಾಯಿತು ಎಂದು ಕೇಳಿ ತಾನೂ ನಕ್ಕ. ಆ ನಗು ಕೇಳಿ ಅವಳಿಗೆ ಸೀಟಿ ಕೇಳಿದಾಗ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ರಕ್ತ ಇನ್ನೂ ಅಲ್ಲೇ ಇತ್ತು. ಅಣ್ಣ ತೋಳಿನ ಹಸಿರು ಪಟ್ಟಿ ಬಿಚ್ಚಿ ಕೈಯಲ್ಲಿ ಮುದುಡಿಕೊಂಡು, ಯಾರ ಕಡೆಗೂ ನೋಡದೆ ಮನೆ ಕಡೆ ನಡೆದ. ಜೀಪು ಆಮೇಲೆ ಬಂತು.

ಹಾಸಿಗೆಯವನು ಬದುಕಿದ. ತಲೆಗೆ ಹದಿನಾಲ್ಕು ಹೊಲಿಗೆ ಬಿತ್ತು. ಬಲಗೈಯ ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಹೊಡೆದವರು ಯಾರು ಎಂದು ಪೊಲೀಸರು ಕೇಳಿದಾಗ ನೂರು ಜನರಲ್ಲಿ ಒಬ್ಬರೂ ಅಲ್ಲಿ ಇರಲಿಲ್ಲ. ಔಷಧಿ ಅಂಗಡಿಯವನ ಹೆಸರನ್ನು ಮುಖ್ಯಪೇದೆ ತಾನೇ ಬರೆದ. ಇನ್ಸ್‌ಪೆಕ್ಟರು ಅರವತ್ತೂ ಸೀಟಿ ವಾಪಸು ತೆಗೆದುಕೊಂಡರು, ಹತ್ತು ದಿನ ಬಿಟ್ಟು, ತರಬೇತಿ ಕೊಟ್ಟಿದ್ದೇವೆ ಎಂದು ಮೂವತ್ತು ಮರಳಿ ಕೊಟ್ಟರು. ರೈಲು ನಿಲ್ದಾಣದಲ್ಲಿ ಬಾಂಬು ಇಟ್ಟವರು ಇನ್ನೂ ಸಿಕ್ಕಿಲ್ಲ. ಇಲಾಖೆ ಮೀಟರಕ್ಕನನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿ ಕೂರಿಸಿತು. ಅಣ್ಣ ಒಂದೇ ಮಾತು ಹೇಳಿ ಕಳಿಸಿದ್ದ: ಯಾವನನ್ನೋ ಉಳಿಸೋಕೆ ನನ್ನ ಮಾನ ಬೀದಿಗೆ ಹಾಕಿದೆ, ಇನ್ನು ನಮ್ಮ ಬಾಗಿಲು ತುಳಿಯಬೇಡ. ಅವಳು ಅತ್ತಳು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಅತ್ತೆ ಅರ್ಧ ಹೊಲಿದ ಹಾಸಿಗೆಯ ಮೇಲೇ ಮಲಗುತ್ತಿದ್ದಳು. ಎರಡು ಬದಿ ತೆರೆದಿದ್ದರಿಂದ ಹತ್ತಿ ಹೊರಗೆ ಇಣುಕುತ್ತಿತ್ತು. "ಬೇರೆಯವರ ಹತ್ರ ಹೊಲಿಸೋದು ಬೇಡ" ಎಂದು ಅವಳೇ ಹೇಳಿದ್ದಳು. ಎರಡನೇ ವಾರ ಅವಳೇ ಬೈದು ಸೊಸೆಯನ್ನು ಆಸ್ಪತ್ರೆಗೆ ಹೊರಡಿಸಿದಳು.

ಉದ್ದ ವಾರ್ಡಿನ ಕಿಟಕಿ ಪಕ್ಕದ ಮಂಚ. ಬಾಗಿಲಲ್ಲಿ ಹೆಜ್ಜೆ ಸದ್ದಾದಾಗ ಅವನು ಎಡಗೈಯಿಂದ ಮುಖ ಮುಚ್ಚಿಕೊಂಡ. ಯಾರೆಂದು ನೋಡಿದ ಮೇಲೆ ನಿಧಾನವಾಗಿ ಇಳಿಸಿದ. ಅವಳು ಕಿತ್ತಳೆ ಹಣ್ಣುಗಳನ್ನು ಪಕ್ಕದ ಮೇಜಿನ ಮೇಲೆ ಇಟ್ಟು, ಒಂದನ್ನು ಸುಲಿಯುತ್ತ ಕೂತಳು.

"ಅಮ್ಮನ ಬೆನ್ನು ಹೇಗಿದೆ?" ಎಂದು ಅವನೇ ಕೇಳಿದ.

"ಪರವಾಗಿಲ್ಲ."

"ಎರಡು ಬದಿ ಬಾಕಿ ಉಳೀತು." ಬ್ಯಾಂಡೇಜು ಸುತ್ತಿದ ಕೈಯನ್ನು ಹೊದಿಕೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. "ಒಂದು ಮಾತು ಕೇಳ್ಲಾ ಅಕ್ಕ? ಬೇಜಾರು ಮಾಡ್ಕೋಬಾರ್ದು."

"ಕೇಳಪ್ಪ."

"ಮೊದಲು ಬಂದಾಗ ಅರ್ಧ ಹೇಳಿದ್ರಿ. ಹಾಸಿಗೆ ಹೊಲಿಯೋನು ಅಂದ್ರಿ. ಮಿಕ್ಕಿದ್ದನ್ನ ಆಗಲೇ ಯಾಕೆ ಹೇಳಲಿಲ್ಲ? ಆಗಿನ್ನೂ ಕೈ ಸರಿ ಇತ್ತು."

ಸುಲಿದ ಹಣ್ಣು ಅವಳ ಕೈಯಲ್ಲೇ ಉಳಿಯಿತು. ಅಣ್ಣನ ಮಾನ, ಗಂಡನ ಕಾಲು, ಗುತ್ತಿಗೆದಾರ, ನಾಲ್ಕು ವರ್ಷದ ಅಂಕಿಗಳು, ಹೇಳಲು ಎಷ್ಟೋ ಇದ್ದವು. ಅವುಗಳಲ್ಲಿ ಯಾವುದನ್ನೂ ಈ ಮಂಚದ ಪಕ್ಕ ಕೂತು ಹೇಳುವಂತಿರಲಿಲ್ಲ.

"ಹೆದರಿಕೆ ಆಯ್ತು ಕಣಪ್ಪ" ಎಂದಳು.

ಅವನು ತಲೆಯಾಡಿಸಿದ.

"ನನಗೂ ಆಯ್ತು" ಎಂದ.